ಮದ್ದಿದೆ, ಪಥ್ಯವಿಲ್ಲ

ಮಕ್ಕಳೇ, ಬೆಂಗಳೂರಿನ ಉಲ್ಲಾಳದ ನಿಮ್ಮ ಮನೆಗೆ ನಾನು ಬಂದ ದಿನ ಮೊದಲು ಕಂಡದ್ದು ಅಡುಗೆಮನೆಯ ಒಲೆ. ಆಮೇಲೆ ಕಂಡದ್ದು ಆ ಒಲೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇದ್ದ ಕಕ್ಕಸು. ನಡುವೆ ಒಂದೇ ಗೋಡೆ. ಈಚೆ ಸಾರು ಕುದಿಯುತ್ತಿತ್ತು, ಆಚೆ ಯಾರೋ ನೀರು ಬಿಟ್ಟ ಸದ್ದು. ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಅದು ಹಿತ್ತಿಲಿನ ಕೊನೆಯಲ್ಲಿ, ಹುಣಸೆಮರದ ಆಚೆ ಇತ್ತು. ಯಾರು ಹೋದರು, ಯಾವಾಗ ಬಂದರು ಎಂದು ಯಾರೂ ನೋಡುತ್ತಿರಲಿಲ್ಲ. ಇಲ್ಲಿ ನಾನು ಒಳಗೆ ಹೋದರೆ ನಿಮ್ಮಪ್ಪ ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದರು. ನನ್ನ ಮರ್ಯಾದೆ ಉಳಿಸಲೆಂದೇ ಹಾಗೆ ಮಾಡುತ್ತಿದ್ದರು ಎಂದು ನನಗೆ ಗೊತ್ತಿತ್ತು. ಆದರೂ ಆ ಸದ್ದು ಏರಿದಾಗಲೆಲ್ಲ ನಾನು ಗೋಡೆ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಹಳ್ಳಿಯಲ್ಲಿಯೇ, ಮೈದುನನ ಸಂಸಾರದ ಜೊತೆ ಇದ್ದೆ. ಹೊಟ್ಟೆನೋವು, ಭೇದಿ ಶುರುವಾಗಿ ನಿಲ್ಲಲೇ ಇಲ್ಲ. ನನ್ನ ಮಗಳು, ನಿಮ್ಮಮ್ಮ ಮಂಜುಳಾ ಬಂದು, ನಾಲ್ಕು ದಿನ ಇದ್ದು ತೋರಿಸಿಕೊಂಡು ಹೋಗು ಎಂದು ಕರೆತಂದಳು. ಎರಡು ಸೀರೆ ಹಿಡಿದುಕೊಂಡು ಬಂದವಳು ಹೀಗೆ ಉಳಿದುಬಿಟ್ಟೆ.

ಬೇರೆಯವರು ಈ ಊರನ್ನು ಬಸ್ಸಿನ ನಂಬರಿನಿಂದ ಕಲಿಯುತ್ತಾರೆ. ನಾನು ಕಲಿತದ್ದು ಕಕ್ಕಸಿನಿಂದ. ಕೆಂಗೇರಿ ಬಸ್ ನಿಲ್ದಾಣದಲ್ಲಿ ಯಾವ ಮೂಲೆಗೆ ಹೋಗಬೇಕು, ವಿಜಯನಗರದ ಮಾರ್ಕೆಟ್ಟಿನಲ್ಲಿ ಯಾವ ಹೋಟೆಲಿನವರು ಬೈಯದೆ ಬಿಡುತ್ತಾರೆ, ಇವೆಲ್ಲ ನನಗೆ ಗೊತ್ತು. ಯಾವ ರಸ್ತೆಯಲ್ಲಿ ದೂರದವರೆಗೂ ಒಂದೂ ಇಲ್ಲವೋ ಆ ರಸ್ತೆಗೆ ನಾನು ಇವತ್ತಿಗೂ ಹೋಗಿಲ್ಲ.

ಕಾಯಿಲೆಗೆ ಹೆಸರು ಸಿಗುವುದು ತಡವಾದದ್ದು ನನ್ನ ಬಾಯಿಯಿಂದಲೇ. ನಮ್ಮ ಕಡೆ ಹೆಂಗಸರು ಕಕ್ಕಸಿಗೆ ಹೋಗುವುದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹೊರಗೆ ಹೋಗುವುದು ಎನ್ನುತ್ತೇವೆ, ಅಷ್ಟೆ. ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಏನಾಗಿದೆ ಎಂದು ಕೇಳಿದರು. ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ.

"ಹೊರಗೆ ಹೋಗೋದು ಜಾಸ್ತಿ ಆಗಿದೆ ಡಾಕ್ಟ್ರೇ."

"ಒಳ್ಳೇದೇ ಅಲ್ವಾ ಆಂಟಿ? ಈ ವಯಸ್ಸಲ್ಲಿ ಮನೇಲೇ ಕೂತ್ರೆ ಮಂಡಿ ಹಿಡ್ಕೊಳುತ್ತೆ."

"ತುಂಬಾ ಸಲ ಹೋಗ್ತೀನಿ. ಸುಸ್ತಾಗುತ್ತೆ."

"ಹಂಗಾದ್ರೆ ಒಂದು ಟಾನಿಕ್ ಬರೀತೀನಿ. ಹೋಗೋದು ಮಾತ್ರ ನಿಲ್ಲಿಸ್ಬೇಡಿ."

ನಾನು ತಿದ್ದಲಿಲ್ಲ. ಗಂಡಸಿನ ಎದುರು ಆ ಮಾತನ್ನು ಬಿಡಿಸಿ ಹೇಳುವುದಕ್ಕಿಂತ ಟಾನಿಕ್ ಕುಡಿಯುವುದು ಸುಲಭ ಅನ್ನಿಸಿತು. ಬೇಸಿಗೆ ಮುಗಿದು ಮಳೆಗಾಲ ಬರುವವರೆಗೂ ಕುಡಿದೆ. ಒಂದು ದಿನ ನಿಮ್ಮಮ್ಮ ಬಾತ್‌ರೂಮಿನಲ್ಲಿ ರಕ್ತ ನೋಡಿ ಕೂಗಿಕೊಂಡಳು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆಯೊಳಗೆ ಕ್ಯಾಮೆರಾದ ಕೊಳವೆ ಬಿಟ್ಟು ನೋಡಿ, ಕ್ರೋನ್ಸ್ ಎಂದರು. ಮೈ ತನ್ನದೇ ಕರುಳನ್ನು ಶತ್ರು ಎಂದುಕೊಂಡು ಕಚ್ಚುವ ಕಾಯಿಲೆಯಂತೆ. ಹುಣ್ಣಾಗಿ, ಮಾಯ್ದು, ಮತ್ತೆ ಹುಣ್ಣಾಗಿ ಕರುಳು ಅಲ್ಲಲ್ಲಿ ಕಿರಿದಾಗುತ್ತದೆ. ಆ ವರ್ಷವನ್ನು ಇಲ್ಲಿ ಬರೆಯುವುದಿಲ್ಲ. ನೀವೂ ನೋಡಿದ್ದೀರಿ.

ಮಾತ್ರೆ, ಇಂಜೆಕ್ಷನ್ ಎಲ್ಲ ಆದ ಮೇಲೆ ಒಮ್ಮೆ ಆ ಆಸ್ಪತ್ರೆಯ ಡಾಕ್ಟರಮ್ಮ ರಿಪೋರ್ಟು ನೋಡಿ ನಕ್ಕರು. "ರೆಮಿಷನ್ ಅಮ್ಮ" ಎಂದರು. ನಾನು ಮಂಜುಳಾಳ ಮುಖ ನೋಡಿದೆ. ಅವಳಿಗೂ ಗೊತ್ತಾಗಲಿಲ್ಲ.

"ವಾಸಿ ಆಯ್ತಾ?" ಎಂದು ಕೇಳಿದೆ.

"ವಾಸಿ ಅಂತಲ್ಲ. ಕಾಯಿಲೆ ಮಲಗಿದೆ. ಯಾವತ್ತಾದ್ರೂ ಏಳಬಹುದು, ಅದಕ್ಕೇ ಮಾತ್ರೆ ಬಿಡೋ ಹಾಗಿಲ್ಲ. ಊಟಕ್ಕೆ ಪಥ್ಯ ಏನಿಲ್ಲ. ನಿಧಾನಕ್ಕೆ ಒಂದೊಂದೇ ತಿನ್ನೋಕೆ ಶುರು ಮಾಡಿ."

ಈ ಮಾತು ನನಗೆ ಹಿಡಿಸಲಿಲ್ಲ. ನೀವು ನಗಬಹುದು, ಆದರೆ ನಮ್ಮಲ್ಲಿ ಮದ್ದು ಮತ್ತು ಪಥ್ಯ ಎತ್ತಿನ ಜೋಡಿಯ ಹಾಗೆ. ಮದ್ದು ಶುರುವಾದ ದಿನ ಪಥ್ಯ ಶುರು. ಉಪ್ಪಿಲ್ಲ, ಎಣ್ಣೆಯಿಲ್ಲ, ಕಾಳಿಲ್ಲ. ವಾಸಿಯಾದ ಮೇಲೆ ಎಣ್ಣೆ ನೀರು ಹಾಕಿ, ಹೊಟ್ಟೆ ತುಂಬ ಬಡಿಸಿ ಪಥ್ಯ ಬಿಡಿಸುತ್ತಾರೆ. ಅಂದಿಗೆ ಮದ್ದೂ ನಿಲ್ಲುತ್ತದೆ. ನಿಮ್ಮ ತಾತನಿಗೆ ಕಾಮಾಲೆಯಾದಾಗ ನಾಟಿ ಔಷಧಿ ಕೊಡಿಸಿದ್ದೆವು. ನಡುವೆ ನೆಂಟರ ಮನೆಯಲ್ಲಿ ಬಾಡೂಟ ಉಂಡು ಬಂದರು. ವಾರ ಕಳೆಯುವುದರೊಳಗೆ ಹೋದರು. ಪಥ್ಯ ಕೆಡಿಸಿಕೊಂಡು ಸತ್ತ ಎಂದು ಊರೆಲ್ಲ ಹೇಳಿತು. ಲಿವರ್ ಮೊದಲೇ ಪೂರ್ತಿ ಕೆಟ್ಟಿತ್ತು ಎಂದು ಜಿಲ್ಲಾ ಆಸ್ಪತ್ರೆಯವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ.

ಹಾಗಾಗಿ ನಾನೇ ಲೆಕ್ಕ ಹಾಕಿಕೊಂಡೆ: ಮಾತ್ರೆ ಬಿಡುವ ಹಾಗಿಲ್ಲವೆಂದರೆ ಪಥ್ಯವನ್ನೂ ಬಿಡುವ ಹಾಗಿಲ್ಲ. ಸಾಯುವವರೆಗೆ ಮಾತ್ರೆ, ಸಾಯುವವರೆಗೆ ಪಥ್ಯ. ಮೆತ್ತಗೆ ಬೇಯಿಸಿದ ಅನ್ನ, ತೊಗರಿಬೇಳೆಯ ತಿಳಿ ಕಟ್ಟು, ಚಿಟಿಕೆ ಉಪ್ಪು. ಬೆಳಿಗ್ಗೆ ಅದೇ, ರಾತ್ರಿ ಅದೇ.

ನಿಮ್ಮಮ್ಮ ಕೆಲಸಕ್ಕೆ ಹೊರಡುವ ಮುಂಚೆ ದಿನವೂ ಕೇಳುತ್ತಿದ್ದಳು, "ಏನ್ ತಿಂತೀಯಾ ಅಮ್ಮ?" ಅದು ನನಗೆ ಈ ಊರಿನ ಕಕ್ಕಸಿಗಿಂತ ಹೊಸದು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಹೊಲದಲ್ಲಿ ಬೆಳೆದದ್ದು ಒಲೆಯ ಮೇಲೆ ಬರುತ್ತಿತ್ತು, ಒಲೆಯಿಂದ ಇಳಿದದ್ದು ಬಾಯಿಗೆ. ಅವರೆ ಕಾಲದಲ್ಲಿ ಅವರೆ, ಹುರುಳಿ ಕಾಲದಲ್ಲಿ ಹುರುಳಿ. ಏನು ಬೇಕು ಎಂದು ನಾಲಿಗೆಯನ್ನು ಕೇಳುವ ಅಭ್ಯಾಸವೇ ಇರಲಿಲ್ಲ. "ಏನಾದ್ರೂ ಮಾಡು" ಎನ್ನುತ್ತಿದ್ದೆ. ಏನಾದರೂ ಮಾಡಿದರೆ ತಿನ್ನುತ್ತಿರಲಿಲ್ಲ.

ಸಿಂಚನಾ, ನೀನೇ ಒಮ್ಮೆ ಸಿಟ್ಟಿನಿಂದ ಕೇಳಿದ್ದೆ. "ತಿನ್ನು ಅಂತ ಡಾಕ್ಟ್ರೇ ಹೇಳಿದಾರೆ. ಅವರಿಗಿಂತ ನೀನು ದೊಡ್ಡ ಡಾಕ್ಟ್ರಾ ಅಜ್ಜಿ?" ಕೆಳಗಿನ ಮನೆಯ ಓನರ್ ಜಯಮ್ಮನವರು ನಿನಗಿಂತ ಜೋರು. ಅವರು ಉಲ್ಲಾಳದ ಹಳೇ ಮನೆತನದವರು. ಈ ಬಡಾವಣೆಯೆಲ್ಲ ಒಂದು ಕಾಲಕ್ಕೆ ಅವರ ಹೊಲವೇ. ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ನನ್ನ ಎದುರೇ ನಿಮ್ಮಮ್ಮನಿಗೆ ಹೇಳಿದರು.

"ಏನ್ ಮಂಜುಳಮ್ಮ, ನಿಮ್ಮಮ್ಮಂಗೂ ಎರಡು ಕ್ಲಿಪ್ ಹಾಕ್ರಿ. ಗಾಳಿ ಬಂದ್ರೆ ಸೀರೆ ಜೊತೆ ಹಾರ್ಕೊಂಡ್ ಹೋಯ್ತಾರೆ. ಆಮೇಲೆ ಬಾಡಿಗೆ ಮನೇಲಿ ಅಮ್ಮಂಗೆ ಅನ್ನ ಹಾಕಲಿಲ್ಲ ಅಂತ ನನ್ ಮನೆಗೆ ಕೆಟ್ಟೆಸ್ರು!"

ನಿಮ್ಮಮ್ಮ ನಗಲಿಲ್ಲ. ಬಟ್ಟೆ ಹಿಂಡುತ್ತಾ ಅತ್ತಳು.

ನನ್ನ ಪಾದ ಬಾತುಕೊಂಡಿತ್ತು. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಕಾಯಿಲೆ ಎದ್ದಿದೆ, ನನಗೆ ಇಷ್ಟೇ ಆಯಸ್ಸು ಎಂದುಕೊಂಡು ಪಥ್ಯವನ್ನು ಇನ್ನೂ ಬಿಗಿ ಮಾಡಿದೆ, ಬೇಳೆಕಟ್ಟನ್ನೂ ಬಿಟ್ಟೆ. ಆ ವಾರವೇ ಟೆರೇಸಿನ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಜಯಮ್ಮನವರೇ ತೋಳು ಹಿಡಿದು ಎತ್ತಿ ಆಟೋದಲ್ಲಿ ಕೂರಿಸಿದರಂತೆ.

ಆಸ್ಪತ್ರೆಯಲ್ಲಿ ಮತ್ತೆ ರಕ್ತಪರೀಕ್ಷೆ, ಮತ್ತೆ ಸ್ಕ್ಯಾನು. ಡಾಕ್ಟರಮ್ಮ ಹಾಸಿಗೆಯ ಪಕ್ಕದಲ್ಲಿ ಬಂದು ನಿಂತರು.

"ಕಾಯಿಲೆ ಎದ್ದಿಲ್ಲ ಅಮ್ಮ. ಮಲಗೇ ಇದೆ. ನೀವು ಬಿದ್ದಿದ್ದು ಹಸಿವಿನಿಂದ."

"ನಾನು ಪಥ್ಯದಲ್ಲೇ ಇದ್ದೆ."

"ಯಾರು ಹೇಳಿದ್ದು ಪಥ್ಯ ಮಾಡಿ ಅಂತ?"

"ಯಾರೂ ಹೇಳಲಿಲ್ಲ. ಮದ್ದು ಅಂದ್ಮೇಲೆ ಇರುತ್ತಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ಸ್ಟೂಲ್ ಎಳೆದುಕೊಂಡು ಕೂತರು. "ಈ ಕಾಯಿಲೆ ಮತ್ತೆ ಎದ್ದಾಗ ತಡ್ಕೊಳೋಕೆ ಮೈಯಲ್ಲಿ ಏನಾದ್ರೂ ಇರಬೇಕು. ಈಗ ಏನೂ ಇಲ್ಲ. ಹೀಗೇ ಇದ್ರೆ ಕಾಯಿಲೆ ಏಳೋವರೆಗೂ ನೀವೇ ಇರಲ್ಲ" ಎಂದರು.

"ಹಾಗಾದ್ರೆ ಏನು ತಿನ್ನಲಿ, ಹೇಳಿಬಿಡಿ. ಅದನ್ನೇ ತಿಂತೀನಿ."

"ಕರುಳು ಒಂದು ಕಡೆ ಕಿರಿದಾಗಿದೆ. ಅದಕ್ಕೆ ಸಿಪ್ಪೆ, ಬೀಜ, ನಾರು ಇವಕ್ಕೆ ಹುಷಾರಾಗಿರಿ. ಮಿಕ್ಕಿದ್ದು ಒಬ್ಬೊಬ್ಬರಿಗೆ ಒಂದೊಂದು ಥರ. ಒಂದೊಂದಾಗಿ ತಿಂದು ನೀವೇ ನೋಡ್ಕೋಬೇಕು."

ನೀವೇ ನೋಡ್ಕೋಬೇಕು. ಊರಿನಲ್ಲಾಗಿದ್ದರೆ ಮದ್ದು ಕೊಡುವವನು ಇದನ್ನು ತಿನ್ನು, ಅದನ್ನು ಬಿಡು ಎಂದು ಹೇಳಿ ಕಳಿಸುತ್ತಿದ್ದ. ಬದುಕಿದರೆ ಅವನ ಕೈಗುಣ, ಸತ್ತರೆ ನಮ್ಮ ಹಣೆಬರಹ. ಇಲ್ಲಿ ಪ್ರತಿ ತುತ್ತೂ ನನ್ನ ತಲೆಯ ಮೇಲೆ.

ಮೊದಲು ಮೊಟ್ಟೆ. ನಿಮ್ಮ ತಾತ ಹೋದ ಮೇಲೆ ನಾನು ಮೊಟ್ಟೆ, ಮಾಂಸ ಮುಟ್ಟಿರಲಿಲ್ಲ. ಯಾರೂ ಬಿಡು ಎಂದಿರಲಿಲ್ಲ, ನಾನೇ ಬಿಟ್ಟಿದ್ದೆ. ಬೇಯಿಸಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟುಕೊಂಡು ಅವರ ಫೋಟೋಕ್ಕೆ ಬೆನ್ನು ಮಾಡಿ ಕೂತು ತಿಂದೆ. ಹೊಟ್ಟೆ ಏನೂ ಅನ್ನಲಿಲ್ಲ. ಮನಸ್ಸು ಅಂದಿತು. ಆಮೇಲೆ ಸೋರೆಕಾಯಿ, ಸಿಹಿಗುಂಬಳ, ಮೊಸರು. ಮೊಸರು ಆಯಿತು, ಹಾಲು ಆಗಲಿಲ್ಲ. ಪ್ರೀತಮ್, ನೀನು ಸ್ಕೂಲಿನಿಂದ ಬರುತ್ತಾ ಉಪ್ಪು ಖಾರ ಹಚ್ಚಿದ ಸೀಬೆಹಣ್ಣು ತಂದು ನನ್ನ ಬಾಯಿಗಿಟ್ಟೆ. ನೀನು ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಲು ಬಾಯಿ ಬರಲಿಲ್ಲ. ಅದರಲ್ಲಿ ಬೀಜವೂ ಇತ್ತು, ಸಿಪ್ಪೆಯೂ ಇತ್ತು. ಸಂಜೆ ನಾನು ನೆಲದಲ್ಲಿ ಮುದುಡಿಕೊಂಡು ವಾಂತಿ ಮಾಡುವಾಗ ನೀನು ಬಾಗಿಲ ಮರೆಯಲ್ಲಿ ನಿಂತು ಅಳುತ್ತಿದ್ದೆ. ಅದು ನಿನ್ನ ತಪ್ಪಲ್ಲ ಎಂದು ಆಗ ಹೇಳಲು ನನಗೆ ಉಸಿರಿರಲಿಲ್ಲ. ಈಗ ಬರೆದಿದ್ದೇನೆ.

ಅವರೆಕಾಯಿ ಬಂದಾಗ ಜಯಮ್ಮನವರು ಬುಟ್ಟಿ ಹಿಡಿದುಕೊಂಡು ಮೇಲೆ ಬಂದರು.

"ಬನ್ನಿ ಕೂತ್ಕಳಿ. ನೆನೆಹಾಕಿದೀನಿ, ಹಿತುಕಾನ. ಸಿಪ್ಪೆ ತಾನೇ ನಿಮಗಾಗದು? ಸಿಪ್ಪೇನೇ ಇಲ್ದಂಗೆ ಮಾಡಾನ."

"ಕಾಳು ಅಂದ್ರೆ ಭಯ ಆಗುತ್ತೆ."

"ನೀವು ಮಲಗೋ ರೂಮ್ ಐತಲ್ಲ, ಅಲ್ಲೇ ಬೆಳೀತಿದ್ವಿ ಅವರೇನ. ಸೊಗಡು ಅಂದ್ರೆ ಸೊಗಡು. ಈಗ ನಾನೇ ಮಾಗಡಿಯೋರ ಹತ್ರ ಕೊಂಡ್ಕಂಡ್ ತಿನ್ಬೇಕು" ಎಂದು ನಕ್ಕರು. ಆ ನಗು ಬೇಗ ನಿಂತಿತು. ಹೊಲವೆಲ್ಲ ಸೈಟಾದ ಊರಿನಲ್ಲಿ, ಊರು ಬಿಡದೆಯೇ ಪರಸ್ಥಳದವರಾದವರನ್ನು ಅಂದು ಮೊದಲ ಸಲ ನೋಡಿದೆ. ಇಬ್ಬರೂ ಕಾಳು ಹಿತುಕಿ, ಸಿಪ್ಪೆಯಿಂದ ಬೇಳೆ ಬಿಡಿಸಿದೆವು. ಆ ಬೇಳೆಯನ್ನು ನುಣ್ಣಗೆ ಅರೆದು ಮಾಡಿದ ಸಾರಿನಲ್ಲಿ ನಾಲ್ಕು ತುತ್ತು ಉಂಡೆ. ಹೊಟ್ಟೆ ತಡೆದುಕೊಂಡಿತು.

ತೂಕ ಸ್ವಲ್ಪ ಏರಿತು. ಊರಿಗೆ ಹೋಗಿಬರಬಹುದು ಎಂದು ಡಾಕ್ಟರಮ್ಮ ಹೇಳಿದರು. ನಿಮ್ಮಪ್ಪ ಒಂದು ದಿನ ತಮ್ಮ ಅಂಗಡಿ ಮುಚ್ಚಿ, ನನ್ನನ್ನು ಬಸ್ಸಿನಲ್ಲಿ ಊರಿಗೆ ಬಿಟ್ಟುಬಂದರು.

ಅಲ್ಲಿ ನನ್ನ ಓರಗಿತ್ತಿ ಪುಟ್ಟಮ್ಮ ಹಂಡೆ ತುಂಬ ನೀರು ಕಾಯಿಸಿಟ್ಟಿದ್ದಳು. ಒಂದೇ ಒಲೆಯ ಮುಂದೆ ನಾವಿಬ್ಬರೂ ಮುದುಕಿಯರಾದವರು. ನೆತ್ತಿಗೆ ಹರಳೆಣ್ಣೆ ಒತ್ತಿ, ಬೆನ್ನು ತಿಕ್ಕಿ ನೀರು ಹಾಕಿದಳು. ಪಥ್ಯ ಬಿಡಿಸುವ ಸ್ನಾನ ಎಂದು ನನಗೆ ತಿಳಿಯಿತು. ಸುಖವಾಗಿತ್ತು, ಸುಮ್ಮನಿದ್ದೆ. ಎದ್ದು ಬಂದರೆ ಜಗಲಿಯಲ್ಲಿ ನನಗೊಬ್ಬಳಿಗೇ ತಟ್ಟೆ ಹಾಕಿದ್ದರು. ಮುದ್ದೆ, ಹುರುಳಿಕಾಳಿನ ಸಾರು. ನಾನು ಬ್ಯಾಗಿನಿಂದ ಮಾತ್ರೆ ತೆಗೆದೆ.

"ಇನ್ನೂ ಯಾಕಕ್ಕ ಅದು? ಪಥ್ಯ ಬಿಟ್ಟಾಯ್ತಲ್ಲ, ಬಿಸಾಕು."

"ಬಿಡಂಗಿಲ್ಲ ಪುಟ್ಟಿ. ಕೊನೇವರೆಗೂ ತಗಬೇಕು."

"ಹಂಗಾರೆ ಪಥ್ಯ ಐತೆ ಅನ್ನು."

"ಪಥ್ಯಾನೂ ಇಲ್ಲ."

"ಮದ್ದೈತೆ, ಪಥ್ಯ ಇಲ್ಲ! ಅದೆಂಥ ಕಾಯ್ಲೆನಕ್ಕ, ಬೆಂಗಳೂರಿಂದು?" ಎಂದು ನಗಾಡಿದಳು. ನಾನು ನಗಲಿಲ್ಲ. ಅವಳ ಮುಖ ಇಳಿಯಿತು. "ವಾಸಿ ಆಗಿಲ್ಲ ಅಂತ ಮೊದ್ಲೇ ಹೇಳಬಾರ್ದಾ? ತಾಳು, ಗಂಜಿ ಕಾಯಿಸ್ತೀನಿ" ಎಂದು ತಟ್ಟೆ ಎಳೆದುಕೊಂಡಳು.

ನಾನು ತಟ್ಟೆಯನ್ನು ಹಿಡಿದುಕೊಂಡೆ. ಆ ಮನೆಯಲ್ಲಿ ನನಗೆ ಇದು ಬೇಕು, ಇದು ಬೇಡ ಎಂದು ನಾನು ಆಡಿದ ಮೊದಲ ಮಾತು ಅದು. "ಗಂಜಿ ಬೇಡ. ಮುದ್ದೆ ನಿಂಬೆಹಣ್ಣಿನಷ್ಟು ಸಾಕು. ಸಾರು ಸೋಸಿ ಕೊಡು, ಕಾಳು ಬೇಡ." ಮೈದುನ, ಅವನ ಮಕ್ಕಳು, ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಾ ನಿಂತರು. ನಾನು ನುಂಗಿದೆ. ಎಷ್ಟೋ ಕಾಲದ ಮೇಲೆ ರಾಗಿಯ ವಾಸನೆ ಮೂಗಿಗೆ ಹತ್ತಿತು. ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ಇಳಿಯುವಾಗ ಹೊಟ್ಟೆ ಹಿಂಡಲು ಶುರುವಾಯಿತು. ಮುದ್ದೆಯೋ, ಬಸ್ಸಿನ ಕುಲುಕಾಟವೋ, ಮಲಗಿದ್ದದ್ದು ಏಳುತ್ತಿದೆಯೋ ಹೇಳುವುದು ಹೇಗೆ? ಜಗಲಿಯಲ್ಲೇ ಮಂಡಿ ಮಡಚಿ ಮಲಗಿದೆ. ಪುಟ್ಟಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ನನ್ನ ಹಣೆ ಮುಟ್ಟಿ ನೋಡಿದಳು. ಅವಳಿಗೆ ಗಾಬರಿಯಾಗಿತ್ತು.

"ಅಕ್ಕ, ನಿಮ್ಮೂರಿಗೆ ಫೋನ್ ಮಾಡ್ಲಾ?"

ಮದುವೆಯಾಗಿ ಬಂದು ನಾನು ಅಕ್ಕಿ ಚೆಲ್ಲಿ ಒಳಗೆ ಕಾಲಿಟ್ಟ ಹೊಸಿಲಿನ ಪಕ್ಕದಲ್ಲಿಯೇ ಮಲಗಿದ್ದೆ. ಅವಳು ಬೆಂಗಳೂರನ್ನು ನಿಮ್ಮೂರು ಎನ್ನುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು.

"ಈಗಲೇ ಬೇಡ, ಸ್ವಲ್ಪ ನೋಡೋಣ" ಎಂದೆ. ಅವಳು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾ ಕೂತಳು.