ಹಿಂದಿನ ಸೀಟಿನ ಕಲೆ

ಕಾರು ತೊಳೆಯುವುದನ್ನು ನಾನು ಕಲಿತದ್ದು ನನ್ನ ಬಾವನಿಂದ, ಅಂದರೆ ಅಕ್ಕನ ಗಂಡನಿಂದ. ಸುಳ್ಳು ಹೇಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ, ಅದು ತಾನಾಗಿಯೇ ಬಂತು.

ಭಾನುವಾರ ಬೆಳಿಗ್ಗೆ ಹೊಸೂರಿನ ಮನೆಯ ಮುಂದೆ ಬಾವ ಎರಡು ಬಕೆಟ್ ಇಟ್ಟುಕೊಂಡು ನಿಂತರೆ ಊಟದ ಹೊತ್ತಿನವರೆಗೂ ಅಲ್ಲೇ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೊದಲು ಕಾರಿನ ನೆತ್ತಿ, ಆಮೇಲೆ ಗಾಜು, ಬಾಗಿಲು, ಕೊನೆಗೆ ಚಕ್ರ. ಚಕ್ರ ಒರೆಸಿದ ಬಟ್ಟೆ ಅಪ್ಪಿತಪ್ಪಿ ಬಾನೆಟ್ಟಿಗೆ ತಾಗಿತೋ, ನಮ್ಮ ಕಥೆ ಮುಗಿಯಿತು. "ಗ್ರಾನೈಟ್ ಲಾರಿ ಧೂಳು ಕಣಪ್ಪ, ಒಣಬಟ್ಟೇಲಿ ಉಜ್ಜಿದ್ರೆ ಪೇಂಟೆಲ್ಲಾ ಗೀರು" ಅನ್ನುವರು. ಎಸಿ ಕಿಂಡಿಗಳಿಗೆ ಹಳೆಯ ಟೂತ್‌ಬ್ರಷ್ಷು. ಸೀಟಿನ ಸಂದಿಯಲ್ಲಿ ಒಂದು ಕಡಲೆಕಾಯಿ ಸಿಪ್ಪೆ ಸಿಕ್ಕರೆ ಮನೆಯವರೆಲ್ಲರ ವಿಚಾರಣೆ.

ಅಂಥ ಕಾರನ್ನು ಎರಡು ವರ್ಷದ ಹಿಂದೆ ನನ್ನ ಕೈಗೆ ಕೊಟ್ಟರು. ರಾಯಕೋಟೆ ಪಕ್ಕದ ನಮ್ಮೂರಲ್ಲಿರುವ ದೊಡ್ಡಮ್ಮನಿಗೆ ಕೃಷ್ಣಗಿರಿಯಲ್ಲಿ ಕಣ್ಣಿನ ಪೊರೆ ತೆಗೆಸಬೇಕಿತ್ತು. ಕೀಲಿ ಕೊಡುತ್ತಾ ಬಾವ ಒಂದೇ ಮಾತು ಹೇಳಿದರು: "ಹಾಲು, ಮೊಸರು, ಮೀನು. ಈ ಮೂರನ್ನ ಮಾತ್ರ ಒಳಗಿಡ್ಬ್ಯಾಡ. ಸ್ಪಂಜಿಗೆ ಇಳಿದ್ರೆ ಜಪ್ಪಯ್ಯ ಅಂದ್ರೂ ನಾತ ಹೋಗಲ್ಲ."

ಆಪರೇಷನ್ ಸಲೀಸಾಗಿ ಆಯಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಹೋದಳು. ಒಂದು ವಾರ ಅಕ್ಕನ ಮನೆಯಲ್ಲಿ ಇರಲಿ ಎಂದು ಹೊಸೂರಿಗೆ ಕರೆದೊಯ್ಯುತ್ತಿದ್ದೆ. ರಾಯಕೋಟೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಪರಿಚಯದವರೊಬ್ಬರು ಸಿಕ್ಕರು. ಅವರ ಹಸು ಕರು ಹಾಕಿತ್ತು. ಗಿಣ್ಣು ಹಾಲು ಬೇಕಾ ಎಂದರು. ಗಿಣ್ಣು ಎಂದರೆ ನಾನು ಪ್ರಾಣ ಬಿಡುವವನು. ಬಾವನ ಮಾತು ನೆನಪಿಗೆ ಬರಲಿಲ್ಲ ಎಂದು ಬರೆದರೆ ಅದೂ ಸುಳ್ಳು. ನೆನಪಿತ್ತು. ಮುಚ್ಚಳ ಭದ್ರವಾಗಿದೆಯಲ್ಲ ಎಂದುಕೊಂಡು ಅವರು ಕೊಟ್ಟ ಸ್ಟೀಲ್ ಕ್ಯಾನನ್ನು ಹಿಂದಿನ ಸೀಟಿನಲ್ಲೇ, ನಿದ್ದೆಯಲ್ಲಿದ್ದ ದೊಡ್ಡಮ್ಮನ ಪಕ್ಕಕ್ಕೆ ಒತ್ತರಿಸಿ ಇಟ್ಟೆ.

ಮುಂದೆ ಹೋಗುತ್ತಿದ್ದ ಟೊಮೆಟೊ ಗಾಡಿಯವನು ಗಕ್ಕನೆ ನಿಲ್ಲಿಸಿದ. ನಾನೂ ಬ್ರೇಕ್ ಒತ್ತಿದೆ. ಕ್ಯಾನು ಉರುಳಿ ಮುಚ್ಚಳ ಹಾರಿ, ಹಳದಿ ಹಾಲೆಲ್ಲಾ ಸೀಟಿನ ಮೇಲೆ. ದೊಡ್ಡಮ್ಮನ ಸೀರೆಯೂ ಹಿಂದಿನಿಂದ ನೆನೆಯಿತು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯ ಮತ್ತಿಗೆ ಅವಳಿಗೆ ಎಚ್ಚರವಾಗಲಿಲ್ಲ. ಬಾಟಲಿ ನೀರು ಸುರಿದು, ಬಾವನ ಹೊಳಪು ಕೊಡುವ ಬಟ್ಟೆಯಿಂದಲೇ ಸೀಟು ಒರೆಸಿ, ಕ್ಯಾನನ್ನು ಡಿಕ್ಕಿಗೆ ಹಾಕಿದೆ.

ಅಕ್ಕನ ಮನೆಯ ಮುಂದೆ ಎದ್ದ ದೊಡ್ಡಮ್ಮ ಸೀರೆ ಮುಟ್ಟಿ ನೋಡಿಕೊಂಡಳು. ಸೀಟು ಮುಟ್ಟಿದಳು. ನನ್ನ ಮುಖ ನೋಡಿದಳು. ಆಗಲೇ "ಹಾಲು ಚೆಲ್ತು ದೊಡ್ಡಮ್ಮ" ಎಂದಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಅವಳ ಕಿವಿಗೆ ಬಿದ್ದರೆ ಬಾವನಿಗೆ ಹೋಗುತ್ತದೆ, ಇನ್ನು ಜನ್ಮದಲ್ಲಿ ಕಾರು ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡೆ. ದೊಡ್ಡಮ್ಮ ಸೀರೆಯನ್ನು ಮುದುರಿ ಹಿಡಿದುಕೊಂಡು ಸೀದಾ ಬಚ್ಚಲಿಗೆ ಹೋದಳು.

ಬಾವ ಊರಲ್ಲಿರಲಿಲ್ಲ. ಎರಡು ದಿನ ಕಾರು ಗಾಜು ಏರಿಸಿಕೊಂಡು ಬಿಸಿಲಲ್ಲಿ ನಿಂತಿತ್ತು. ಬಂದವರು ಹಿಂದಿನ ಬಾಗಿಲು ತೆಗೆದು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಸೀಟಿನ ಮೇಲೆ ಅಗಲವಾದ ಹಳದಿ ಕಲೆ.

"ಇಲ್ಲಿ ಯಾರು ಕೂತಿದ್ರು?"

"ದೊಡ್ಡಮ್ಮ" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬಾವ ದನಿ ತಗ್ಗಿಸಿದರು. "ಪಾಪ, ನಿದ್ದೇಲಿ ಗೊತ್ತಾಗ್ದೆ ಹೋಗ್ಬುಟ್ರಾ?"

"ವಯಸ್ಸಾಯ್ತಲ್ಲ ಬಾವ."

ನನ್ನ ನಾಲಿಗೆ ಸೇದಿಹೋಗ. ಏಳು ವರ್ಷ ತುಂಬುವವರೆಗೆ ದೊಡ್ಡಮ್ಮನ ಪಕ್ಕದಲ್ಲಿ ಮಲಗಿ ಚಾಪೆ ಒದ್ದೆ ಮಾಡಿದವನು ನಾನು, ಒಂದು ದಿನವೂ ಅದನ್ನು ಯಾರಿಗೂ ಹೇಳದವಳು ಅವಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯ ಒಳಗಡೆಯೇ ಕುಳಿತಿದ್ದಳು. ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳಲು ಹೋಗಲೂ ಇಲ್ಲ.

ಮಾರನೆಯ ದಿನ ಒಳ್ಳೆಯವನ ಹಾಗೆ ನಾನೇ ಕಾರನ್ನು ವಾಟರ್ ವಾಷ್ ಅಂಗಡಿಗೆ ಒಯ್ದೆ. ಅಂಗಡಿಯವನು ಸೀಟು ಬಿಚ್ಚಿ ಸ್ಪಂಜಿಗೆ ಮೂಗಿಟ್ಟು, "ಅಣ್ಣಾ, ಇದು ಸೀಂಪಾಲು" ಎಂದು ನಕ್ಕ. ತಮಿಳಿನಲ್ಲಿ ಗಿಣ್ಣು ಹಾಲಿಗೆ ಹಾಗನ್ನುತ್ತಾರೆ. "ಹೌದಪ್ಪ, ಮೊದ್ಲು ತೊಳಿ" ಎಂದೆ. ಶಾಂಪೂ ಹಾಕಿ ಬ್ರಷ್ಷಿನಲ್ಲಿ ಉಜ್ಜಿ, ವ್ಯಾಕ್ಯೂಮ್‌ನಿಂದ ನೀರು ಎಳೆದು, ಸೀಟನ್ನು ಬಿಸಿಲಿಗೆ ಒಣಗಿಸಿದ. ಸಂಜೆಗೆ ಕಾರು ಷೋರೂಮಿನಿಂದ ಬಂದಂತಿತ್ತು. ನನಗೂ ಸಮಾಧಾನವಾಯಿತು, ನಾಚಿಕೆ ಇಲ್ಲದವನಿಗೆ.

ವಾರ ಕಳೆದು ದೊಡ್ಡಮ್ಮನನ್ನು ಊರಿಗೆ ಬಿಡುವ ದಿನ ಬಾವ ಸೀಟಿನ ಮೇಲೆ ಅಳತೆಗೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ ಹಾಸಿದರು. ಅವಳ ಮುಂದೆ ಒಂದು ಮಾತೂ ಆಡಲಿಲ್ಲ, ಕೈ ಹಿಡಿದು ನಿಧಾನವಾಗಿ ಕೂರಿಸಿದರು. ಅವರು ಅಷ್ಟು ಮೆತ್ತಗೆ ನಡೆದುಕೊಂಡದ್ದು ನೋಡಿ ನನಗೆ ನನ್ನ ಮೇಲೇ ಮೈಯೆಲ್ಲಾ ಉರಿಯಿತು.

ಇನ್ನೊಂದು ಕಣ್ಣಿನ ಆಪರೇಷನ್ನಿಗೆ ದೊಡ್ಡಮ್ಮ ಹೊರಡಲಿಲ್ಲ. "ಒಂದ್ ಕಣ್ಣು ಸಾಕು ಬುಡ್ಲಾ" ಎನ್ನುವಳು. ಎರಡು ವರ್ಷ ಹಾಗೇ ತಳ್ಳಿದಳು. ಆ ಕಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣದಂತಾಯಿತು. ಈ ಬೇಸಿಗೆಯಲ್ಲಿ ನಾನೇ ಒಂದು ಹಳೆಯ ಕಾರು ಕೊಂಡು, ಒಳಗೆ ಹೊರಗೆ ಉಜ್ಜಿ ಫಳಫಳ ಮಾಡಿ, ಕಾಡಿ ಬೇಡಿ ಹೊರಡಿಸಿದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಮಡಿಚಿ ತಂದಿದ್ದಳು. ಸೀಟಿನ ಮೇಲೆ ತಾನೇ ಹಾಸಿಕೊಂಡು, ಅಂಚೆಲ್ಲಾ ಸರಿಮಾಡಿ ಕುಳಿತಳು. ನೀರು ಕೊಟ್ಟರೆ ಬೇಡವೆಂದು ತಲೆಯಾಡಿಸಿದಳು.

ಆಸ್ಪತ್ರೆಯಲ್ಲಿ ಬಿಪಿ ನೋಡಿದ ನರ್ಸ್ ಗಾಬರಿಯಾದರು. ಹಿಂದಿನ ದಿನ ಮಧ್ಯಾಹ್ನದಿಂದ ದೊಡ್ಡಮ್ಮ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಕೈಗೆ ಡ್ರಿಪ್ ಹಾಕಿ, ಮುಂದಿನ ವಾರ ಬನ್ನಿ, ಇವತ್ತು ಆಪರೇಷನ್ ಆಗುವುದಿಲ್ಲ ಎಂದು ವಾಪಸ್ ಕಳುಹಿಸಿದರು.

ಕಾರು ಹತ್ತಿ ಮತ್ತೆ ಆ ಹಾಳೆ ಸರಿಮಾಡಿಕೊಳ್ಳುತ್ತಿದ್ದಳು. ನಾನು ಕೀಲಿ ತಿರುಗಿಸಲಾರದೆ ಹೇಳಿಬಿಟ್ಟೆ. ಕ್ಯಾನು, ಬ್ರೇಕು, ಬಾವನ ಮುಂದೆ ಆಡಿದ್ದು, ಎಲ್ಲ.

"ಗಿಣ್ಣಾ?" ಎಂದಳು.

"ಹೂಂ."

"ನನ್ ಸೀರೇಗಾಗಿದ್ದು?"

"ಅದೂ ಗಿಣ್ಣೇ. ತಪ್ಪಾಯ್ತು ದೊಡ್ಡಮ್ಮ."

"ನಿಮ್ಮಕ್ಕನ ಮನೇಲಿ ಮಂಚದ್ ಮ್ಯಾಲೆ ಮಲಗ್ನಿಲ್ಲ ಕಣ್ಲಾ ನಾನು. ಊರಿಗ್ ಬಂದ್ ಮ್ಯಾಲೂ ಸೊಂಟನೋವು ಅಂತ ಸುಳ್ಳೇಳಿ ಎಲ್ಡು ವರ್ಸ ಬರೀ ನೆಲದ್ ಮ್ಯಾಲೆ ಮಲೀಕಂಡಿವ್ನಿ" ಎಂದಳು. ಆಮೇಲೆ "ನೀರು ಕೊಡು" ಎಂದು ಕೈಚಾಚಿದಳು. ಇಡೀ ಬಾಟಲಿ ಕುಡಿದು ಮುಗಿಸಿದಳು. ಕೂತಲ್ಲಿಂದಲೇ ಹಾಳೆಯನ್ನು ಎಳೆದು, ನಾಲ್ಕು ಮಡಿಕೆ ಮಾಡಿ, ಮುಂದಕ್ಕೆ ಬಾಗಿ ನನ್ನ ತೊಡೆಯ ಮೇಲೆ ಇಟ್ಟಳು.

ರಾಯಕೋಟೆ ಬಂತು. ಊರಿನ ದಾರಿಗೆ ಸ್ಟೇರಿಂಗ್ ತಿರುಗಿಸಿದೆ.

"ತಿರುಗಿಸ್ಬ್ಯಾಡ. ಹೊಸೂರಿಗೆ ನಡಿ."

ಬಾವ ಕೆಲಸದಿಂದ ಬಂದು ಕಾರಿನ ಗಾಜು ಒರೆಸುತ್ತಿದ್ದರು. ದೊಡ್ಡಮ್ಮನನ್ನು ಕಂಡು ಇಳಿಸಿಕೊಳ್ಳಲು ಓಡಿ ಬಂದರು. "ನೀನು ಅಲ್ಲೇ ಇರಪ್ಪ, ಮೊದ್ಲು ಇವನು ಇಳೀಲಿ" ಎಂದು ಅವಳು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿಕೊಂಡಳು.

ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು ಇಳಿದೆ. ಏನೋ ಗೊಣಗಿದೆ.

"ಗಟ್ಟ್ಯಾಗಿ ಹೇಳ್ಲಾ" ಎಂದಳು ದೊಡ್ಡಮ್ಮ. "ಅವತ್ತು ಹೇಳಿದ್ದು ಒಳಗ್ ಕೂತಿದ್ದೋಳ್ಗೂ ಕೇಳುಸ್ತು. ಇವತ್ತೂ ಹಂಗೇ ಹೇಳು."

ಬಾವ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು ನನ್ನನ್ನೇ ನೋಡಿದರು. ಗಟ್ಟಿಯಾಗಿ ಹೇಳಿದೆ.