ಮೇಲಿನ ಮನೆ ಆಂಟಿಯ ಪರಾತ

ಮೊನ್ನೆ ಬೇಸ್‌ಮೆಂಟ್ ಖಾಲಿ ಮಾಡುವಾಗ ಹಳೆಯ ಸೂಟ್‌ಕೇಸುಗಳ ಹಿಂದಿನಿಂದ ಒಂದು ಅಗಲವಾದ ಅಲ್ಯುಮಿನಿಯಂ ತಟ್ಟೆ ಉರುಳಿ ಬಂತು. ಅಂಚು ಅಲ್ಲಲ್ಲಿ ನೆಗ್ಗಿದೆ. ಗೀರುಗಳ ಸಂದಿಯಲ್ಲಿ ತುಸು ಹಳದಿ ಉಳಿದಿದೆ. ಐವತ್ತು ವರ್ಷದ ಹಿಂದಿನ ಅರಿಶಿನ ಹಾಗೆಲ್ಲ ಉಳಿಯುತ್ತದೆಯೇ ಎಂದು ಉಗುರಿನಿಂದ ಕೆರೆದು ನೋಡಿದೆ. ಮೂಸಿಯೂ ನೋಡಿದೆ. ತೇವದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಮೇಲಿನ ಮನೆ ಆಂಟಿ ನೆನಪಾದರು...

ಎಪ್ಪತ್ತರ ದಶಕದ ನಡುವಿನ ಮಾತು. ಅಮೆರಿಕಾದ ಮೆಟುಚೆನ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಕೆಳಗೆ, ಆಂಟಿ, ಅಂಕಲ್ ಇಬ್ಬರು ಮೇಲೆ. ನಾವು ಮೈಸೂರಿನವರು, ಅವರು ಧಾರವಾಡದವರು. ಊರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಆಂಟಿ ಇಲ್ಲಿ ಶನಿವಾರ ಶನಿವಾರ ನನ್ನೊಬ್ಬಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕಿವುಡಿಯ ಹಾಗೆ ಕೂತುಬಿಡುತ್ತಿದ್ದರು.

ಒಂದು ಚಳಿಗಾಲದ ಕೊನೆಗೆ ಅವರು ಹಾರ್ಡ್‌ವೇರ್ ಅಂಗಡಿಯಿಂದ ಈ ತಟ್ಟೆ ಹೊತ್ತು ತಂದರು. ಊರಿನಲ್ಲಿ ಹಿಟ್ಟು ನಾದುವುದಕ್ಕೆ, ಅನ್ನ ಕಲಸುವುದಕ್ಕೆ ಪರಾತ ಇರುತ್ತದಲ್ಲ, ಅಂಥದ್ದು ಅಮೆರಿಕಾದಲ್ಲೂ ಸಿಕ್ಕಿತು ಎಂಬ ಹಿಗ್ಗು. ಎರಡು ಕಡೆ ಬಟ್ಟೆಯ ಹಿಡಿಗಳಿದ್ದವು. ಎಣ್ಣೆ ಹಿಡಿದು ಹೊಲಸಾಗುತ್ತವೆ ಎಂದು ಅವನ್ನು ಕತ್ತರಿಸಿ ಬಿಸಾಡಿದರು. ತಳ ಗುಂಡಗಿದ್ದು ಅಲ್ಲಾಡುತ್ತಿತ್ತು, ಅದಕ್ಕೊಂದು ಟವೆಲ್ ಸುತ್ತಿ ಸಿಂಬಿ ಮಾಡಿದರು. ಆ ವರ್ಷ ಯುಗಾದಿಗೂ ದೀಪಾವಳಿಗೂ ನಮ್ಮ ಕಡೆಯ ಕುಟುಂಬಗಳು ಸೇರಿದಾಗಲೆಲ್ಲ ಚಿತ್ರಾನ್ನ ಅದರಲ್ಲೇ.

ಮುಂದಿನ ಫೆಬ್ರವರಿಯಲ್ಲಿ ಎರಡೂ ಮನೆಯವರು ಕ್ಯಾಟ್‌ಸ್ಕಿಲ್ ಬೆಟ್ಟದ ಒಂದು ಊರಿಗೆ ಹೋದೆವು. ಅಪ್ಪನ ಆಫೀಸಿನಲ್ಲಿ ಯಾರೋ ಚಳಿಗಾಲದ ಬೆಟ್ಟ ನೋಡದವರು ಏನೂ ನೋಡಿಲ್ಲ ಎಂದಿದ್ದರಂತೆ. ಊರೆಲ್ಲ ಸ್ಕೀ ಮಾಡುವವರದು. ನಮ್ಮಲ್ಲಿ ಒಬ್ಬರೂ ಮಾಡುವವರಲ್ಲ. ಅಮ್ಮನಿಗೆ ಕಾಲು ಮುರಿಯುವ ಭಯ, ಅಪ್ಪನಿಗೆ ಎರಡು ಹಲಗೆ ಕಟ್ಟಿಕೊಂಡು ಜಾರುವುದರಲ್ಲಿ ಏನು ಸುಖ ಎಂಬ ಅನುಮಾನ. ಆದರೂ ನಮಗೆ ಹೊತ್ತು ಹೋಗದೆ ಇರಲಿಲ್ಲ. ಅಡಿಗೆಮನೆಯಿದ್ದ ಒಂದು ಕ್ಯಾಬಿನ್ ಹಿಡಿದಿದ್ದೆವು, ಆಂಟಿ ಪರಾತವನ್ನೂ ಜೊತೆಗೆ ತಂದಿದ್ದರು. ಬೆಳಿಗ್ಗೆ ಲಾಡ್ಜಿನ ದೊಡ್ಡ ಕಿಟಕಿಯ ಹತ್ತಿರ ಕೂತು ಬೇರೆಯವರು ಬೀಳುವುದನ್ನು ನೋಡಿದೆವು. ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದೆವು. ಅಪ್ಪ ಹೆಜ್ಜೆಗೊಮ್ಮೆ ಹಿಮ್ಮಡಿಯಿಂದ ಕುಟ್ಟಿ ಪರೀಕ್ಷೆ ಮಾಡುತ್ತಿದ್ದರೆ ಆಂಟಿ ಸೀರೆಯ ಕೆಳಗೆ ಅಂಕಲ್‌ನ ಬೂಟು ಹಾಕಿಕೊಂಡು ಕೆರೆಯ ನಟ್ಟನಡುವೆ ನಿಂತು ಕಡಲೆಕಾಯಿ ಸುಲಿಯುತ್ತಿದ್ದರು.

ನನಗೆ ಮಾತ್ರ ಒಳಗೊಳಗೇ ಪುಕುಪುಕು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ, ನಾವೂ ಸ್ಕೀ ಮಾಡುವುದಕ್ಕೆ ಹೋಗುತ್ತಿದ್ದೇವೆ, ಪ್ರತಿ ವರ್ಷ ಹೋಗುತ್ತೇವೆ ಎಂದು ಸುಳ್ಳು ಹೇಳಿದ್ದೆ. ಅವಳು ಆ ವರ್ಷವಷ್ಟೇ ನನ್ನನ್ನು ಊಟದ ಮೇಜಿಗೆ ಕರೆದಿದ್ದಳು. ಹತ್ತು ವರ್ಷದವಳಿಗೆ ಅದು ಸಣ್ಣ ವಿಷಯವಲ್ಲ. ಅವಳೂ ಅದೇ ಊರಿಗೆ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಎರಡನೆಯ ಮಧ್ಯಾಹ್ನ ಕ್ಯಾಬಿನ್ನುಗಳ ಹಿಂದಿನ ದಿಬ್ಬದಲ್ಲಿ ರಟ್ಟಿನ ಡಬ್ಬದ ಮೇಲೆ ಕೂತು ಜಾರುತ್ತಿದ್ದೆ. ಎರಡು ಸಲಕ್ಕೆ ರಟ್ಟು ನೆನೆದು ಮುದ್ದೆಯಾಯಿತು. ಬೇರೆ ಮಕ್ಕಳು ಸ್ಲೆಡ್ ಎನ್ನುವ ಜಾರುಗಾಡಿಗಳಲ್ಲಿ, ಬೆಳ್ಳಗೆ ಹೊಳೆಯುವ ಗುಂಡು ತಟ್ಟೆಗಳಲ್ಲಿ ಕೂತು ಸುಯ್ಯೆಂದು ಇಳಿಯುತ್ತಿದ್ದರು. ಅವನ್ನೇ ನೋಡುತ್ತಿದ್ದ ಆಂಟಿ ಅಮ್ಮನ ಕಡೆ ತಿರುಗಿದರು.

"ಅಲ್ಲ, ಅದು ನನ್ನ ಪರಾತ ಅಲ್ಲೇನು?"

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಹೌದಲ್ರೀ. ಅದಕ್ಕೆ ಹಿಡಿಗಳಿವೆ ಅಷ್ಟೆ."

"ಹಂಗಾದ್ರ ಇಷ್ಟ್ ದಿನ ನಾವು ಗಾಡ್ಯಾಗ ಚಿತ್ರಾನ್ನ ಕಲಸೀವಿ ಅನ್ರಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಂಟಿ ಒಳಗೆ ಹೋಗಿ ಉಳಿದ ಚಿತ್ರಾನ್ನವನ್ನು ಪಾತ್ರೆಗೆ ಸುರಿದು, ಪರಾತ ಒರೆಸಿ ತಂದರು. ಮೊದಲು ನಾನು ಜಾರಿದೆ. ಆಮೇಲೆ ಅವರು ಸೆರಗು ಬಿಗಿದು, ನೆರಿಗೆ ಎತ್ತಿ ಸಿಕ್ಕಿಸಿ, ಹಿಡಿ ಇಲ್ಲದ್ದಕ್ಕೆ ಅಂಚನ್ನೇ ಹಿಡಿದು ಕೂತರು. ತಟ್ಟೆ ಬುಗುರಿಯ ಹಾಗೆ ತಿರುಗುತ್ತಾ ಹೋಯಿತು. ಕೆಳಗೆ ಉರುಳಿ ಬಿದ್ದು, ತಲೆತುಂಬ ಹಿಮ ಮೆತ್ತಿಕೊಂಡು, ಎರಡು ಬೂಟುಗಳನ್ನೂ ಮೇಲೆತ್ತಿ ನಗುತ್ತಿದ್ದರು. ನಾನು ಹಿಂದೆಯೇ ಓಡಿದೆ.

ಅವರು ಬಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ ಆ ಹುಡುಗಿ ನಿಂತಿದ್ದಳು. ಸ್ಕೀ ಮುಗಿಸಿ ಬಂದವಳು. ಬೆಟ್ಟ ಹತ್ತಿಸುವ ಲಿಫ್ಟಿನ ಟಿಕೆಟ್ ಇನ್ನೂ ಜಾಕೆಟ್ಟಿನ ಜಿಪ್ಪಿಗೆ ನೇತಾಡುತ್ತಿತ್ತು. ಅವಳು ಆಂಟಿಯನ್ನು ನೋಡಿದಳು, ಸೀರೆ ನೋಡಿದಳು, ನನ್ನನ್ನು ನೋಡಿದಳು.

"ಈಸ್ ಶೀ ವಿತ್ ಯೂ?"

"ನೋ," ಎಂದೆ. ಸಾಲದು ಎನ್ನಿಸಿ, ಅವರು ಯಾರೋ ನನಗೆ ಗೊತ್ತೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಸೇರಿಸಿದೆ.

ಆಂಟಿಯ ನಗು ನಿಂತಿತು. ಕಾಲೇಜಿನಲ್ಲಿ ಪಾಠ ಮಾಡಿದವರಿಗೆ ಅಷ್ಟು ಇಂಗ್ಲಿಷ್ ತಿಳಿಯದೆ ಇರುತ್ತದೆಯೇ? ಮೆಲ್ಲಗೆ ಎದ್ದು ಹಿಮ ಕೊಡವಿಕೊಂಡರು. ಆಮೇಲೆ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದರು, ಹೌದು, ನಮಗೆ ಈಗಷ್ಟೇ ಪರಿಚಯ, ಈ ಹುಡುಗಿ ಪಾಪ ತನ್ನ ಸ್ಲೆಡ್ಡನ್ನು ನನಗೆ ಒಂದು ಸಲ ಕೊಟ್ಟಳು ಎಂದು. ನನಗೆ ಥ್ಯಾಂಕ್ಯೂ ಹೇಳಿ, ಪರಾತವನ್ನು ನನ್ನ ಕೈಗಿಟ್ಟು, ಅಂಕಲ್‌ನ ಬೂಟಿನಲ್ಲಿ ದಿಬ್ಬ ಹತ್ತಿ ಹೋದರು. ತಿರುಗಿ ನೋಡಲಿಲ್ಲ.

ಹೊತ್ತು ಮುಳುಗುವವರೆಗೆ ನಾವಿಬ್ಬರೂ ಅದರಲ್ಲೇ ಆಡಿದೆವು. ಇದಕ್ಕೇನೋ ವಾಸನೆ ಇದೆಯಲ್ಲ ಎಂದು ಅವಳು ಕೇಳಿದಳು. ಇಂಗಿನದು. ನನಗೆ ಗೊತ್ತಿಲ್ಲ ಎಂದೆ, ಅದನ್ನೂ...

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಆ ಹುಡುಗಿ ಯಾರೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಆಂಟಿ, "ಇಕೀ ಗೆಳತಿ ಅಂತ. ಛಲೋ ಹುಡುಗಿ," ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಮುಂದಿನ ಶನಿವಾರ ಎಂದಿನಂತೆ ಪಾಠ ನಡೆಯಿತು. ನಾನು ಒತ್ತಕ್ಷರ ತಪ್ಪು ಬರೆದೆ, ಅವರು ಎಂದಿನಂತೆ ತಿದ್ದಿದರು. ಬೈದಿದ್ದರೆ ಅತ್ತು ಮುಗಿಸಿಬಿಡಬಹುದಿತ್ತು. ಅವರು ಬೈಯಲಿಲ್ಲ. ತಪ್ಪಾಯಿತು ಎಂದು ನಾನಾಗಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಪ್ರತಿ ಶನಿವಾರ ಮೆಟ್ಟಿಲು ಹತ್ತುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಇಳಿಯುವಾಗ ಬರುವ ವಾರ ಎಂದುಕೊಳ್ಳುತ್ತಿದ್ದೆ.

ಆ ದಶಕ ಮುಗಿಯುವ ಹೊತ್ತಿಗೆ ಅಂಕಲ್‌ಗೆ ಟೆಕ್ಸಾಸಿನಲ್ಲಿ ಕೆಲಸವಾಯಿತು. ಹೊರಡುವ ದಿನ ಆಂಟಿ ಪರಾತ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅಷ್ಟು ಉಪಯೋಗಿಸುವ ಸಾಮಾನು, ನೀವೇ ತೊಗೊಂಡು ಹೋಗಿ ಎಂದು ಅಮ್ಮ ಹೇಳಿದರೆ, "ಇದು ನಿಮ್ಮ ಮಗಳ್ದು. ನಾ ಒಂದ್ ಸಲ ಇಸ್ಕೊಂಡಿದ್ದೆ ಅಷ್ಟ," ಎಂದರು. ಅಮ್ಮ ತಮಾಷೆ ಎಂದುಕೊಂಡು ನಕ್ಕಳು. ಆಂಟಿ ನನ್ನ ಕೆನ್ನೆ ತಟ್ಟಿದರು. ಅವರ ಮುಖದಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಪರಾತ ಎತ್ತಿಕೊಂಡು ಒಳಗೆ ಹೋದೆ.

ಕೆಲವು ವರ್ಷ ಹಬ್ಬಕ್ಕೆ ಕಾರ್ಡು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅವರು ತೀರಿಹೋದ ಸುದ್ದಿ ಬಂದದ್ದು ಫೋನಿನಲ್ಲಿ, ಯಾರದೋ ಮದುವೆಯ ಮಾತಿನ ನಡುವೆ, ಆಗಿ ಎಂಟು ತಿಂಗಳಾದ ಮೇಲೆ. ಅವತ್ತು ಇಡೀ ದಿನ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ನಾನು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಮೊಮ್ಮಗಳು ಇಳಿದು ಬಂದಳು. ಹೊರಗೆ ನಾಲ್ಕು ಇಂಚು ಹಿಮ ಬಿದ್ದಿತ್ತು. ಅವಳಿಗೆ ಅದು ಪರಾತ ಎಂಬ ಗೊಂದಲವೇನೂ ಆಗಲಿಲ್ಲ. ನೋಡಿದ ಕೂಡಲೇ ಸ್ಲೆಡ್ ಎಂದಳು. ಯಾರದಿದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೇಲಿನ ಮನೆ ಆಂಟಿಯದು ಎಂದೆ.

"ಹೂ ಈಸ್ ಶೀ?"

"ನಮ್ಮವರು," ಎಂದೆ. "ನಮ್ಮ ಜೊತೆಗೇ ಬಂದಿದ್ದರು."

ಅವಳು ಓಕೆ ಎಂದು ತಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಅವತ್ತು ದಿಬ್ಬದ ಕೆಳಗೆ ಹೇಳಬೇಕಿದ್ದ ಮಾತು ಇಷ್ಟೇ. ಹೇಳುವುದಕ್ಕೆ ನನಗೆ ಐವತ್ತು ವರ್ಷ ಬೇಕಾಯಿತು, ಕೇಳಿಸಿಕೊಳ್ಳಬೇಕಾದವರು ಈಗ ಇಲ್ಲ.