ಒಬ್ಬನಿಗಾಗಿ ಹಾಕಿದ ಜಾಹೀರಾತು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಮಾತುಗಳೂ ಸರಿಯಾಗಿ ಕೂಡಿಬರುವುದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದು ನಮ್ಮ ಚಿಕ್ಕಮ್ಮನ ವಿಷಯ. ಅವಳು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಚಿಕ್ಕಮ್ಮ ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಹೊಲಿಯುತ್ತಾಳೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಸೊಂಟ ಬಿಡಿಸಿಕೊಡುವುದು. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅವರ ಸೊಂಟದ ಅಳತೆ ಹೇಳಿಬಿಡುತ್ತಾಳೆ. ಆದರೆ ಜೊತೆಗಾರರನ್ನು ಹುಡುಕಿಕೊಡುವ ಆ್ಯಪ್‌ನಲ್ಲಿ ತನ್ನ ವಯಸ್ಸು ನಲವತ್ತಮೂರು ಎಂದು ಹಾಕಲು ಕೈ ಬರಲಿಲ್ಲ. ಮೂವತ್ತಮೂರು ಎಂದು ಒತ್ತಿದಳು.

ವಾರದೊಳಗೆ ಅವಳ ಫೋನಿನ ತುಂಬ ಮದುವೆ ಉಡುಪು, ತುಟಿಬಣ್ಣ, ತೊಟ್ಟಿಲುಗಳ ಜಾಹೀರಾತು. ಅಂಗಡಿಯಲ್ಲಿ ಇಸ್ತ್ರಿ ಹಾಕುವ ಅಕ್ಕ ಇಣುಕಿ ನೋಡಿ, "ತೊಟ್ಟಿಲು ಬಂದೇಬಿಡ್ತಲ್ಲೇ, ಅಪ್ಪ ಯಾರು?" ಎಂದು ಕಾಲೆಳೆದಳು.

ಅಷ್ಟರಲ್ಲಿ ಒಬ್ಬ ಸಿಕ್ಕಿದ್ದ. ಲಿಫ್ಟ್ ರಿಪೇರಿಯವನು, ವಯಸ್ಸು ಮೂವತ್ತೈದು ಎಂದು ಹಾಕಿದ್ದ. ಎದುರಿಗೆ ಭೇಟಿಯಾಗುವವರೆಗೆ ಫೋನ್ ನಂಬರ್ ಕೊಡುವುದಿಲ್ಲ ಎಂದು ಚಿಕ್ಕಮ್ಮ ಬರೆದಾಗ ಬೇಸರ ಮಾಡಿಕೊಳ್ಳಲಿಲ್ಲ. ಕೆಟ್ಟುನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆ ಹೇಗೆ ಧೈರ್ಯ ಹೇಳುತ್ತೇನೆಂದು ಬರೆಯುತ್ತಿದ್ದ. "ಮೊದಲು ಊಟ ಆಯ್ತಾ ಅಂತ ಕೇಳ್ತೀನಿ. ಊಟದ ಮಾತು ಬಂದ್ರೆ ಜನ ಅಳೋದು ನಿಲ್ಲಿಸ್ತಾರೆ." ಹತ್ತು ವರ್ಷದಿಂದ ಒಂಟಿಯಾಗಿದ್ದ ಚಿಕ್ಕಮ್ಮ ಅದನ್ನು ಓದುತ್ತ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ಏಳು ತಿಂಗಳು ಹೀಗೇ ನಡೆಯಿತು.

ಒಂದು ದಿನ ಅವನು ಭೇಟಿಯಾಗೋಣ ಎಂದು ಬರೆದ. ನಿಜವಾದ ವಯಸ್ಸು ಹೇಳಬೇಕು, ಚಿಕ್ಕಮ್ಮನಿಗೆ ಬಾಯಿ ಬರುತ್ತಿಲ್ಲ. ಅಂಗಡಿಯಲ್ಲಿ ಆಲ್ಟರ್ ಮಾಡಿದ್ದನ್ನು ಯಾರೂ ಬಾಯಲ್ಲಿ ವಿವರಿಸುವುದಿಲ್ಲ. ಬಟ್ಟೆ ಬಿಡಿಸಿ ಮುಂದಿಡುತ್ತಾರೆ, ಗಿರಾಕಿಯೇ ನೋಡಿಕೊಳ್ಳುತ್ತಾನೆ. ಹಾಗೆಯೇ ಅವನೂ ನೋಡಿಕೊಳ್ಳಲಿ ಎಂದು ಆ್ಯಪ್‌ನಲ್ಲಿ ವಯಸ್ಸನ್ನು ನಲವತ್ತಮೂರು ಮಾಡಿದಳು.

ಒತ್ತಿದ್ದೇ ತಡ, ಅವನಿಲ್ಲ. ಏಳು ತಿಂಗಳ ಮಾತೂ ಇಲ್ಲ. ನಲವತ್ತು ದಾಟಿದವರು ಬೇಡ ಎಂದು ಅವನು ಎಂದೋ ಗುರುತು ಹಾಕಿದ್ದನಂತೆ, ಆ್ಯಪ್ ತಾನಾಗಿಯೇ ಜೋಡಿಯನ್ನು ಅಳಿಸಿಹಾಕಿತ್ತು. ವಯಸ್ಸನ್ನು ಮತ್ತೆ ಬದಲಿಸಲು ಆ್ಯಪ್ ಬಿಡಲಿಲ್ಲ. ಇಸ್ತ್ರಿ ಅಕ್ಕನ ನಂಬರಿನಿಂದ ಹೊಸ ಖಾತೆ ತೆರೆದು ಮುನ್ನೂರು ಮುಖ ಸರಿಸಿದರೂ ಅವನು ಕಾಣಲಿಲ್ಲ. ಲಿಫ್ಟ್ ಕಂಪನಿಗಳಿಗೆ ಫೋನ್ ಮಾಡಿದರೆ ಪೂರ್ತಿ ಹೆಸರು ಕೇಳಿದರು. ಅವಳಿಗೆ ಗೊತ್ತಿದ್ದದ್ದು ಆ್ಯಪ್‌ನಲ್ಲಿ ಅವನು ಹಾಕಿಕೊಂಡಿದ್ದ ಅಡ್ಡಹೆಸರು ಮಾತ್ರ.

ಮರುದಿನದಿಂದ ಫೋನಿನಲ್ಲಿ ಮಂಡಿನೋವಿನ ಎಣ್ಣೆ, ಬಿಳಿಕೂದಲಿನ ಬಣ್ಣ, ಪಿಂಚಣಿ ಯೋಜನೆ.

"ನೋಡು, ಒಂದೇ ದಿನಕ್ಕೆ ಮುದುಕಿ ಮಾಡಿಬಿಟ್ರು," ಎಂದಳು ಚಿಕ್ಕಮ್ಮ. ಫೋನನ್ನು ನನ್ನತ್ತ ತಿರುಗಿಸಿ, "ಈ ಜಾಹೀರಾತಿನವರು ನನ್ನನ್ನ ಇಷ್ಟು ಸರಿಯಾಗಿ ಹುಡುಕ್ತಾರಲ್ಲ. ನಾನು ಆ ಲಿಫ್ಟಿನವರನ್ನ ಹಿಂಗೇ ಹುಡುಕಬಾರ್ದಾ?"

ಅಂಗಡಿಯ ಯಜಮಾನರು ತಿಂಗಳಿಗೊಮ್ಮೆ ಜಾಲತಾಣದಲ್ಲಿ ಜಾಹೀರಾತು ಹಾಕುತ್ತಾರೆ. ಯಾರಿಗೆ ಕಾಣಬೇಕೆಂದು ಅಲ್ಲಿ ಆರಿಸಬಹುದು. ಈ ಸಲ ಚಿಕ್ಕಮ್ಮ ತಾನೇ ಹಾಕುತ್ತೇನೆಂದು ಕೇಳಿಕೊಂಡು ಆರಿಸಿದಳು: ಗಂಡಸರು, ಮೂವತ್ತನಾಲ್ಕರಿಂದ ಮೂವತ್ತಾರು, ಈ ಊರು, ಲಿಫ್ಟ್ ಕೆಲಸ.

"ಲಿಫ್ಟಿನವರಿಗೇ ಯಾಕಮ್ಮ?" ಎಂದರು ಯಜಮಾನರು. "ಅವರ ಪ್ಯಾಂಟು ಜಾಸ್ತಿ ಹರಿಯುತ್ತಾ?"

"ಮಂಡಿ ಊರಿ ಕೆಲಸ ಮಾಡ್ತಾರಲ್ಲ ಯಜಮಾನ್ರೇ, ಹರಿಯುತ್ತೆ."

ಅಂಗಡಿಯ ವಿಳಾಸದ ಮೇಲೆ ಅವಳು ಬರೆದದ್ದು ಇಷ್ಟೇ: "ಊಟ ಆಯ್ತಾ? ನನಗೆ ನಲವತ್ತಮೂರು. ಇಲ್ಲೇ ಹೊಲೀತಿರ್ತೀನಿ."

ಮೂರು ದಿನ ಬಾಗಿಲು ಸದ್ದಾದಾಗಲೆಲ್ಲ ಅವಳ ಮಿಷನ್ ನಿಲ್ಲುತ್ತಿತ್ತು. ನೂರ ತೊಂಬತ್ತು ಜನ ನೋಡಿದ್ದರು. ಹನ್ನೊಂದು ಉತ್ತರ ಬಂದವು. "ಊಟ ನೀವೇ ಹಾಕ್ತೀರಾ?" ಎಂದು ಒಬ್ಬ ಕೇಳಿದ್ದ. ಇನ್ನೊಬ್ಬ ನಿಜವಾಗಿಯೂ ಮಂಡಿ ಹರಿದ ಎರಡು ಪ್ಯಾಂಟು ತಂದ. ಅವನಲ್ಲ.

ಇಂದು ಸಂಜೆ ಇಸ್ತ್ರಿ ಅಕ್ಕ ಮೆಲ್ಲಗೆ ಕೇಳಿದಳು. "ಅವನು ನೋಡಿಯೂ ಸುಮ್ಮನಿದ್ರೆ?"

"ನೋಡಿ ಬೇಡ ಅಂದ್ರೆ ಹೆಂಗೋ ತಡ್ಕೋತೀನಿ ಅಕ್ಕಾ. ನಾನಾಗೇ ಬಿಟ್ಟುಹೋದೆ ಅಂದ್ಕೊಂಡಿದ್ರೆ?"

ಇಸ್ತ್ರಿ ಅಕ್ಕ ಬಂದು ಅವಳ ಪಕ್ಕ ಕುಳಿತಳು. ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ನಾನು ವಯಸ್ಸಲ್ಲಿ ಹತ್ತು ವರ್ಷ ಮುಚ್ಚಿಟ್ಟೆ. ಅವರೂ ಮುಚ್ಚಿಟ್ಟಿರಬಹುದಲ್ಲ," ಎಂದಳು.

ನಾಳೆ ಅಂಗಡಿ ತೆರೆದ ಕೂಡಲೇ ಅವಳು ವಯಸ್ಸಿನ ಮಿತಿಯನ್ನು ಐವತ್ತೈದಕ್ಕೆ ಏರಿಸಿ ಅದೇ ಜಾಹೀರಾತನ್ನು ಮತ್ತೆ ಹಾಕುತ್ತಾಳೆ.